ಮೆಲುಕು ಹಾಕದ ಹೊಟ್ಟೆ

ಹದಿನಾರು ಎಂಬ ಹೆಸರಿನ ಊರಿನಲ್ಲಿ ಯಾರ ಮನೆಯ ದನ ಮೇವು ಬಿಟ್ಟರೂ, ಹೊಟ್ಟೆ ಉಬ್ಬರಿಸಿಕೊಂಡು ನಿಂತರೂ, ಮೊದಲು ಕರೆಯುತ್ತಿದ್ದದ್ದು ಸಿದ್ದಯ್ಯನನ್ನೇ. ಬಂದವನು ಹೆಚ್ಚು ಮಾತಾಡುತ್ತಿರಲಿಲ್ಲ. ದನದ ಎಡಪಕ್ಕೆಗೆ ಮುಷ್ಟಿ ಒತ್ತಿ ನೋಡುತ್ತಿದ್ದ, ಕಿವಿಯಿಟ್ಟು ಕೇಳುತ್ತಿದ್ದ, ಬಿದಿರಿನ ಗೊಟ್ಟದಲ್ಲಿ ಎಣ್ಣೆ ಕುಡಿಸುತ್ತಿದ್ದ. ಹೊರಡುವಾಗ ಹೇಳುತ್ತಿದ್ದದ್ದು ಒಂದೇ ಮಾತು.

"ನಾಳೆ ಗಂಟ ಮೇವ್ ಆಕ್ಬ್ಯಾಡಿ. ಒಟ್ಟೆಗೆ ರಜ ಕೊಡಿ."

ಮಾರನೆಯ ದಿನ ದನ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿರುತ್ತಿತ್ತು. ಊರಿಗೆ ಅವನ ಮಾತಿನ ಮೇಲೆ ನಂಬಿಕೆ ಬೆಳೆದದ್ದು ಹೀಗೆ.

ಆದ್ದರಿಂದ ಒಂದೂವರೆ ವರ್ಷದ ಮೊಮ್ಮಗಳು ಲಿಖಿತಾಳಿಗೆ ಭೇದಿ ಶುರುವಾದಾಗ ಸಿದ್ದಯ್ಯ ಅದೇ ಮಾತು ಹೇಳಿದ. ಮನೆಯಲ್ಲಿ ಯಾರೂ ಎದುರಾಡಲಿಲ್ಲ. ಗಂಜಿ ನಿಂತಿತು, ನೀರು ನಿಂತಿತು, ತಾಯಿಯ ಎದೆಹಾಲೂ ನಿಂತಿತು.

ಮಧ್ಯಾಹ್ನದ ಹೊತ್ತಿಗೆ ಸೊಸೆ ಪಲ್ಲವಿಗೆ ತಡೆಯಲಾಗಲಿಲ್ಲ.

"ಮಾವ, ಕೂಸಿನ ಬಾಯಿ ಒಣಗೋಗದೆ. ಎರಡ್ ಚಮಚ ನೀರಾದ್ರೂ ಬುಡ್ಲಾ?"

"ಬ್ಯಾಡ ಕಣವ್ವ. ಮೇಲಿಂದ ಬುಟ್ಟಿದ್ದು ಕೆಳಗಿಂದ ಓಯ್ತದೆ. ಕೊಟ್ಟಷ್ಟೂ ಜಾಸ್ತಿ ಆಯ್ತದೆ."

"ಅವ್ರ್ಗೆ ಗೊತ್ತದೆ ಬುಡು," ಎಂದಳು ಹೆಂಡತಿ ಚಿನ್ನಮ್ಮ. "ಊರ್ ದನಗಳ್ನೆಲ್ಲ ಉಳ್ಸವ್ರೆ. ಮನೆ ಮಗೀನ ಬುಟ್ಟಾರಾ?"

ಮಗು ಪಲ್ಲವಿಯ ಮಡಿಲಲ್ಲಿ ಒರಗಿತ್ತು. ಬಟ್ಟೆ ಒಗೆದು ಬಂದಿದ್ದ ಪಲ್ಲವಿಯ ಸೆರಗಿನ ತುದಿ ಇನ್ನೂ ಒದ್ದೆಯಿತ್ತು. ಮಗು ಆ ತುದಿಯನ್ನು ಬಾಯಿಗೆ ಸೇರಿಸಿಕೊಂಡು ಚೀಪತೊಡಗಿತು.

ಸಿದ್ದಯ್ಯ ಅದನ್ನು ಕಂಡ. ಕಂಡು, ಮುಖವನ್ನು ಕೊಟ್ಟಿಗೆಯ ಕಡೆ ತಿರುಗಿಸಿದ. ಹಸಿದ ದನವೂ ಹೀಗೆಯೇ ಬಾಯಾಡಿಸುತ್ತದೆ. ಅಯ್ಯೋ ಪಾಪ ಎಂದು ಒಂದು ಹೊರೆ ಹುಲ್ಲು ಎಸೆದವರು ದನವನ್ನು ಕಳೆದುಕೊಂಡದ್ದನ್ನು ಅವನು ಕಣ್ಣಾರೆ ನೋಡಿದ್ದ. ಮನಸ್ಸು ಗಟ್ಟಿ ಮಾಡಬೇಕು ಅಂದುಕೊಂಡ.

ಪಲ್ಲವಿ ಹಿತ್ತಲಿಗೆ ಹೋಗಿ ಫೋನು ಮಾಡಿದ್ದು ಅವನಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಆಶಾ ಕಾರ್ಯಕರ್ತೆ ಸಂಘಮಿತ್ರಾ ಚೀಲ ತೂಗಿಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಯಾರವ್ವ ನಿನ್ನ ಕರುದ್ದು?" ಸಿದ್ದಯ್ಯನ ದನಿ ಬಿಗಿಯಾಗಿತ್ತು.

"ಯಾರೂ ಕರೀದಿದ್ರೂ ಬರೋದೇ ನನ್ ಕೆಲ್ಸ ಅಲ್ವಾ ಸಿದ್ದಯ್ಯೋರೆ."

ಅವಳು ಮಗುವಿನ ಪಕ್ಕ ಕುಳಿತಳು. ಮಗು ಅತ್ತಿತು. ಆದರೆ ಕಣ್ಣಲ್ಲಿ ನೀರು ಬರಲಿಲ್ಲ.

"ಪಲ್ಲವಿ, ಉಚ್ಚೆ ಯಾವಾಗ ಉಯ್ದದೆ?"

"ಬೆಳಿಗ್ಗೆಯಿಂದ ನಾ ಕಂಡಿಲ್ಲ ಅಕ್ಕ."

"ಏನ್ ಕೊಟ್ಟಿದ್ದೀರಿ?"

ಪಲ್ಲವಿ ಮಾವನ ಮುಖ ನೋಡಿದಳು. ಸಿದ್ದಯ್ಯನೇ ಉತ್ತರ ಕೊಟ್ಟ. "ಏನೂ ಕೊಟ್ಟಿಲ್ಲ. ನಾನೇ ಬ್ಯಾಡ ಅಂದೆ. ಒಟ್ಟೆ ಕೆಟ್ಟಾಗ ಒಟ್ಟೆ ಖಾಲಿ ಬುಡ್ಬೇಕು. ದನಕ್ಕಾಗೋದು ಮನ್ಸರಿಗೆ ಆಗಕಿಲ್ವಾ?"

ಸಂಘಮಿತ್ರಾ ಜಗಳಕ್ಕೆ ನಿಲ್ಲಲಿಲ್ಲ. "ದನದ ವಿಚಾರದಲ್ಲಿ ನಿಮ್ಗೆ ಏಳೋಷ್ಟು ನಂಗೆ ಗೊತ್ತಿಲ್ಲ. ಒಂದ್ ಕೇಳ್ತೀನಿ, ಏಳಿ. ಮೇವು ನಿಲ್ಸಿದ ದಿನ ದನ ಏನ್ನ ಮೆಲುಕು ಆಕ್ತದೆ?"

"ಒಳಗೆ ಇರೋದ್ನ. ಅದ್ರ ದೊಡ್ಡ ಒಟ್ಟೆ ಅಂದ್ರೆ ಕಣಜ ಇದ್ದಂಗೆ ಕಣವ್ವ. ಮೇದಿದ್ದು ಅಲ್ಲೇ ನೆಂದು ಕೊಳೀತಾ ಇರ್ತದೆ. ಒಂದಿನ ಮೇವು ಆಕ್ದಿದ್ರೂ ಒಳಗೆ ದಾಸ್ತಾನು ಅದೆ."

"ಸರಿ. ಈ ಕೂಸು ಮೆಲುಕು ಆಕ್ತದಾ?"

ಸಿದ್ದಯ್ಯ ಮಗುವಿನ ಕಡೆ ನೋಡಿದ. ಹೊರಗೆ ಕೊಟ್ಟಿಗೆಯಲ್ಲಿ ಹಸುವೊಂದು ನಿಧಾನವಾಗಿ ಮೆಲುಕು ಹಾಕುವ ಸದ್ದು ಕೇಳಿಸಿತು.

"ಮನ್ಸರ ಒಟ್ಟೆ ಕಣಜ ಅಲ್ಲ ಸಿದ್ದಯ್ಯೋರೆ," ಸಂಘಮಿತ್ರಾ ಚೀಲದಿಂದ ಓಆರ್‌ಎಸ್ ಪೊಟ್ಟಣ ತೆಗೆಯುತ್ತಾ ಹೇಳಿದಳು. "ತಿಂದಿದ್ದು ಕೆಲವು ಗಂಟೆಲೇ ಒಟ್ಟೆ ಬುಟ್ಟು ಸಣ್ಣ ಕರುಳಿಗೆ ಓಯ್ತದೆ. ಆ ಕರುಳಿನ ಒಳಮೈ ಟರ್ಕಿ ಟವಲ್ ಇದ್ದಂಗೆ, ಸಣ್ಣ ಸಣ್ಣ ಎಳೆ. ಊಟದ ಸಾರ, ನೀರು ಎಲ್ಲಾ ಅಲ್ಲಿಂದ್ಲೇ ರಕ್ತಕ್ಕೆ ಸೇರೋದು. ಭೇದಿ ಬಂದಾಗ ಮೈಯೊಳಗಿನ ನೀರು, ಉಪ್ಪು ಎರಡೂ ಆಚೆ ಓಯ್ತವೆ. ದನಕ್ಕೆ ದಾಸ್ತಾನು ಅದೆ. ಈ ಕೂಸಿಗೆ ಎಲ್ಲದೆ? ನಾವ್ ಕೊಡ್ದಿದ್ರೆ ಅದ್ರ ರಕ್ತದ ನೀರೇ ಕಮ್ಮಿ ಆಯ್ತದೆ."

"ಕೊಟ್ರೂ ನಿಲ್ಲಕಿಲ್ವಲ್ಲ? ಕಣ್ಮುಂದೇನೇ ಓಯ್ತದೆ."

"ಒಂದಿಷ್ಟು ಓಯ್ತದೆ, ಇಲ್ಲ ಅನ್ನಕಿಲ್ಲ. ಆದ್ರೆ ಉಪ್ಪು, ಸಕ್ಕರೆ ಎರಡೂ ಹದವಾಗಿ ಸೇರಿದ್ರೆ ಜೊತೆಯಾಗಿ ಕರುಳಿನ ಗೋಡೆ ದಾಟ್ತವೆ. ನೀರು ಅವುಗಳ ಹಿಂದೇನೇ ಓಯ್ತದೆ. ಎಷ್ಟೇ ಭೇದಿ ಇರ್ಲಿ, ಆ ಬಾಗ್ಲು ಮುಚ್ಚಕಿಲ್ಲ. ಈ ಪೊಟ್ಟಣದೊಳಗೆ ಇರೋದು ಅದೇ ಹದ."

ಸಿದ್ದಯ್ಯ ಪೊಟ್ಟಣವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ನಂಬುವುದೋ ಬಿಡುವುದೋ ತಿಳಿಯಲಿಲ್ಲ.

"ಆಲು ಕುಡಿಯೋ ಕರೂಗೆ ಭೇದಿಯಾದ್ರೆ ನೀವ್ ಏನ್ ನೋಡ್ತೀರಿ?"

"ಕಣ್ ಗುಳಿ ಬಿದ್ದದಾ ನೋಡ್ತೀನಿ. ಕತ್ತಿನ ಚರ್ಮ ಇಡ್ದು ಎತ್ತಿ ಬುಡ್ತೀನಿ. ಬ್ಯಾಗ ಕೂತ್ರೆ ಸರಿ. ನಿಧಾನ ಮಾಡುದ್ರೆ ಕರು ಒಣಗದೆ ಅಂತ."

"ಬನ್ನಿ. ನಿಮ್ ಕೈಯ್ಯಾರೆ ನೋಡಿ."

ಅವಳು ಮಗುವಿನ ಅಂಗಿ ಮೇಲೆತ್ತಿದಳು. ಸಿದ್ದಯ್ಯ ಮಂಡಿಯೂರಿ ಕುಳಿತ. ಎಷ್ಟೋ ದನಗಳ ಪಕ್ಕೆಗೆ ಒತ್ತಿದ ಕೈಯನ್ನು ಈ ಪುಟ್ಟ ಹೊಟ್ಟೆಯ ಮೇಲಿಟ್ಟ. ಹೊಕ್ಕುಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟ.

ಮಡಿಕೆ ಕೂಡಲೇ ಕೂರಲಿಲ್ಲ. ಹಾಗೇ ಒಂದು ಗಳಿಗೆ ನಿಂತು, ಆಮೇಲೆ ಮೆಲ್ಲಗೆ ಇಳಿಯಿತು.

ಅವನು ಮಗುವಿನ ಕಣ್ಣು ನೋಡಿದ. ಗುಳಿ ಬಿದ್ದಿದ್ದವು. ಕರುವಾಗಿದ್ದರೆ ಬೆಳಿಗ್ಗೆಯೇ ಗುರುತಿಸುತ್ತಿದ್ದ.

"ಪಲ್ಲವೀ," ಅವನು ಮಗುವಿನ ಅಂಗಿ ಇಳಿಸಿದ. "ನೀರ್ ತಕಬಾರವ್ವ."

ಸೋಪು ಹಚ್ಚಿ ಕೈ ತೊಳೆದು, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣವನ್ನು ಪೂರ್ತಿ ಸುರಿದು ಕಲಕಿದರು. ನಾನೇ ಕುಡಿಸುತ್ತೇನೆ ಎಂದು ಸಿದ್ದಯ್ಯ ಲೋಟ ತೆಗೆದುಕೊಂಡ. ಮಗು ಆತುರದಿಂದ ಬಾಯಿ ತೆರೆಯಿತು. ಅವನಿಗೂ ಆತುರ. ಒಂದರ ಮೇಲೊಂದು ಚಮಚ ಸುರಿದ. ಮಗು ಎಲ್ಲವನ್ನೂ ವಾಂತಿ ಮಾಡಿತು.

"ಕಂಡ್ಯಾ! ನಾ ಏಳ್ನಿಲ್ವಾ? ನಿಲ್ಲಕಿಲ್ಲ ಕಣವ್ವ ಇದು!"

"ಗೊಟ್ಟದಲ್ಲಿ ಎತ್ತಿಗೆ ಉಯ್ದಂಗೆ ಉಯ್ದ್ರೆ ಇನ್ನೇನಾದೀತು?" ಎಂದಳು ಚಿನ್ನಮ್ಮ. ಅವಳೂ ಈಗ ಈ ಕಡೆಗೆ ಬಂದಿದ್ದಳು.

"ಎದರ್ಕಬ್ಯಾಡಿ," ಎಂದಳು ಸಂಘಮಿತ್ರಾ. "ಹತ್ತು ನಿಮಿಷ ತಡೆದು ತಿರ್ಗಾ ಕೊಡಿ. ಒಂದೊಂದೇ ಚಮಚ, ನಿಧಾನಕ್ಕೆ. ಪಲ್ಲವಿ, ನೀನು ಮಧ್ಯೆ ಮಧ್ಯೆ ಎದೆಹಾಲು ಕೊಡು, ಬುಡಿಸ್ಬ್ಯಾಡ. ಮೊದ್ಲು ಆಟೋ ಕರೀರಿ. ಕಣ್ಣು ಇಷ್ಟು ಗುಳಿ ಬಿದ್ಮೇಲೆ ಡಾಕ್ಟ್ರು ನೋಡ್ಲೇಬೇಕು. ದಾರೀಲೂ ಕುಡ್ಸೋದು ನಿಲ್ಲುಸ್ಬಾರ್ದು."

ಆಟೋದಲ್ಲಿ ಸಿದ್ದಯ್ಯ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಗುಂಡಿ ಬಂದಾಗಲೆಲ್ಲ ಲೋಟವನ್ನು ಎದೆಗೆ ಒತ್ತಿ ಹಿಡಿದ. ಒಂದು ಚಮಚ. ಕಾಯುವುದು. ಇನ್ನೊಂದು ಚಮಚ. ಮಗುವಿನ ಗಂಟಲಲ್ಲಿ ನೀರು ಇಳಿಯುವುದನ್ನೇ ನೋಡುತ್ತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಮಗುವನ್ನು ಪರೀಕ್ಷಿಸಿ, "ಕುಡೀತಾ ಇದೆ, ಒಳ್ಳೇದು. ಇಲ್ಲೇ ಕೂತು ಕುಡಿಸ್ತಾ ಇರಿ, ನಾನು ನೋಡ್ತಿರ್ತೀನಿ. ಇನ್ನೂ ತಡ ಮಾಡಿದ್ದಿದ್ರೆ ಕಷ್ಟ ಆಗ್ತಿತ್ತು," ಎಂದರು. ಸಿದ್ದಯ್ಯ ತಲೆ ತಗ್ಗಿಸಿದ. ಅವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಬಿಸಿಲು ಇಳಿಯಿತು. ಭೇದಿ ಇನ್ನೂ ಪೂರ್ತಿ ನಿಂತಿರಲಿಲ್ಲ. ಹೋದಾಗಲೆಲ್ಲ ಪಲ್ಲವಿ ಮಗುವನ್ನು ತೊಳೆದು ತಂದು ಅವನ ತೊಡೆಗೆ ಕೊಡುತ್ತಿದ್ದಳು. ಅವನು ಮತ್ತೆ ಚಮಚ ಹಿಡಿಯುತ್ತಿದ್ದ. ಹಾಗೆ ಕುಡಿಸುತ್ತಿರುವಾಗ ತೊಡೆ ಬೆಚ್ಚಗಾಯಿತು. ಕೆಳಗೆ ನೋಡಿದ. ಬಿಳಿ ಪಂಚೆ ಅಗಲಕ್ಕೆ ಒದ್ದೆಯಾಗುತ್ತಿತ್ತು.

"ಅಯ್ಯೋ ಮಾವ, ಉಚ್ಚೆ ಉಯ್ದುಬುಡ್ತು! ಕೊಡಿ ಇತ್ತ, ಒರೆಸ್ತೀನಿ."

"ಇರ್ಲಿ ಬುಡವ್ವ." ಸಿದ್ದಯ್ಯ ಅಲುಗಾಡಲಿಲ್ಲ. "ನಾ ಬುಟ್ಟ ನೀರು ಕಣವ್ವ ಇದು. ಒಳಕ್ಕೋಗಿ, ರಕ್ತ ಸೇರಿ ಬಂದದೆ. ಇರ್ಲಿ."

ಒದ್ದೆ ಪಂಚೆಯಲ್ಲೇ ಕುಳಿತು ಅವನು ಮುಂದಿನ ಚಮಚ ಕುಡಿಸಿದ. ಮಗು ಅಳುವಾಗ ಈಗ ಕಣ್ಣಲ್ಲಿ ನೀರಿತ್ತು. ಅವನ ಕಣ್ಣಲ್ಲೂ ಇತ್ತು.

ಮನೆಗೆ ಬಂದ ಮೇಲೆ, ಡಾಕ್ಟರು ಕೊಟ್ಟ ಸತುವಿನ, ಅಂದರೆ ಜಿಂಕ್, ಮಾತ್ರೆಯನ್ನು ಹದಿನಾಲ್ಕು ದಿನವೂ ಚಮಚದಲ್ಲಿ ಕರಗಿಸಿ ಕುಡಿಸಿದವನು ಸಿದ್ದಯ್ಯನೇ. ಭೇದಿ ನಿಂತ ಮೇಲೂ ಬಿಡಲಿಲ್ಲ. ಈಗಲೂ ಜನ ದನದ ಹೊಟ್ಟೆಗೆ ಅವನನ್ನು ಕರೆಯುತ್ತಾರೆ. ಈಗಲೂ ಅವನು ಒಟ್ಟೆಗೆ ರಜ ಕೊಡಿ ಎನ್ನುತ್ತಾನೆ. ಆದರೆ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸುತ್ತಾನೆ.

"ಈ ಮಾತು ಕೊಟ್ಟಿಗೆಗೆ ಮಾತ್ರ ಕಣ್ರಪ್ಪಾ. ತೊಟ್ಲಿಗೆ ತಕೋಗ್ಬ್ಯಾಡಿ."

ಅಕ್ಕಂದಿರೇ, ಅಣ್ಣಂದಿರೇ, ಮೊಮ್ಮಕ್ಕಳನ್ನು ಆಡಿಸುವ ಹಿರಿಯರೇ, ನಿಮ್ಮ ಮನೆಯ ಮಗುವಿಗೆ ಭೇದಿಯಾದರೆ ದಯವಿಟ್ಟು ನೀರು, ಎದೆಹಾಲು, ಊಟ ನಿಲ್ಲಿಸಬೇಡಿ. ಓಆರ್‌ಎಸ್ ಪೊಟ್ಟಣ ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುತ್ತದೆ. ಅರ್ಧ ಪೊಟ್ಟಣ, ಅಂದಾಜು ನೀರು ಎಂದು ಮಾಡಬೇಡಿ. ಅದರ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಪೂರ್ತಿ ಪೊಟ್ಟಣ ಹಾಕಿ. ಕಲಸಿದ್ದು ಮಿಕ್ಕರೆ ಮಾರನೆಯ ದಿನಕ್ಕೆ ಇಡದೆ ಚೆಲ್ಲಿ, ಹೊಸದು ಕಲಸಿ. ಸತುವಿನ ಮಾತ್ರೆಯನ್ನು ಹೇಳಿದಷ್ಟು ದಿನ ಕೊಡಿ. ಕಣ್ಣು ಗುಳಿ ಬಿದ್ದರೆ, ಉಚ್ಚೆ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯಲಾರದೆ ಮಂಕಾಗಿ ಮಲಗಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೊರಡಿ. ಈ ಕಥೆ ಓದಿದ್ದು ಡಾಕ್ಟರಿಗೆ ತೋರಿಸಿದ್ದಕ್ಕೆ ಸಮವಲ್ಲ.

ನಿಮ್ಮ ಮಗುವಿಗೆ ಕಣಜವಿಲ್ಲ. ಅದಕ್ಕಿರುವುದು ನಿಮ್ಮ ಕೈಯ ಚಮಚ. ಅದನ್ನು ಕೆಳಗಿಡಬೇಡಿ.