ಅತಿ ಚೊಕ್ಕಟದ ಸೀಸೆ

ಜಪಾನಿನ ತ್ಸುಕುಬಾದ ನಮ್ಮ ಪ್ರಯೋಗಾಲಯದಲ್ಲಿ ನನ್ನಷ್ಟು ಚೊಕ್ಕಟವಾಗಿ ಗಾಜಿನ ಸೀಸೆ ತೊಳೆಯುವವರು ಇನ್ನೊಬ್ಬರಿಲ್ಲ. ನನಗಿದ್ದ ಜಂಬ ಅದೊಂದೇ. ಚಿನ್ನದ ಸೂಕ್ಷ್ಮ ಕಣ ಮೆತ್ತಿದ ಬಿಳಿ ಪುಡಿಯನ್ನು ನೀರಿಗೆ ಬೆರೆಸಿ ಬೆಳಕು ಬಿಟ್ಟರೆ ನೀರು ಒಡೆದು ಜಲಜನಕ ಬರಬೇಕು. ವರ್ಷಗಟ್ಟಲೆ ಬೆಳಕು ಬಿಟ್ಟೆ, ಬರಲಿಲ್ಲ. ಮಾರ್ಚ್ ಒಳಗೆ ಬರದಿದ್ದರೆ ನನ್ನ ಕೆಲಸಕ್ಕೆ ಎಳ್ಳುನೀರು.

ಫೆಬ್ರವರಿಯ ಒಂದು ಮಧ್ಯಾಹ್ನ ಯಂತ್ರದ ಪರದೆಯ ಮೇಲೆ ಜಲಜನಕದ ಗೆರೆ ಎದ್ದು ನಿಂತಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಪೈಕಿ ನಾನು. ಶುಭಕಾರ್ಯಕ್ಕೆ ಮಾಡುವ ಕೆಂಪು ಕಾಳಿನ ಅನ್ನ ತಂದು ಎಲ್ಲರಿಗೂ ಹಂಚಿದೆ. ಊರಲ್ಲಿ ಅಕ್ಕಿಮದ್ಯ ತಯಾರಿಸುವ ಅಪ್ಪನಿಗೆ ಫೋನ್ ಮಾಡಿ ಕೊಚ್ಚಿಕೊಂಡೆ. ಹೆಂಗಸರು ಕಾಲಿಟ್ಟರೆ ಮದ್ಯ ಕೆಡುತ್ತದೆಂದು ನನ್ನನ್ನು ಹುದುಗಿನ ಕೋಣೆಯ ಹೊಸ್ತಿಲಾಚೆಯೇ ಬೆಳೆಸಿದ ಮನುಷ್ಯ ಅವನು. ಆ ಸಿಟ್ಟೇ ನನ್ನನ್ನು ಇಲ್ಲಿಯವರೆಗೆ ಓದಿಸಿದ್ದು.

ಪ್ರಯೋಗಾಲಯದ ಮುಖ್ಯಸ್ಥರಾದ ಕುರಾಶಿಗೆ ಮೇಷ್ಟ್ರು ಅನ್ನ ಅಗಿಯುತ್ತ ಪರದೆ ನೋಡಿದರು.

"ಹೊಸೋಯಾ ಸಾನ್, ಆಮ್ಲಜನಕ ಎಲ್ರೀ?"

"ಬರತ್ತೆ ಮೇಷ್ಟ್ರೇ, ಸ್ವಲ್ಪ ತಡ ಆಗ್ಬಹುದು."

"ನೀರು ಒಡೆದ್ರೆ ಎರಡೂ ಜೊತೇಲೇ ಬರಬೇಕಲ್ವಾ. ಸೀಸೆ ಯಾವುದ್ರಲ್ಲಿ ತೊಳೀತೀರಿ?"

"ಈ ವಾರದಿಂದ ಕೊನೇಲಿ ಆಲ್ಕೋಹಾಲ್ ಹಾಕಿ ಕುಲುಕ್ತೀನಿ. ಬೇಗ ಒಣಗ್ಲಿ ಅಂತ."

ಅವರು ಇನ್ನೊಂದು ತುತ್ತು ಬಾಯಿಗಿಟ್ಟರು.

ಸೀಸೆಯನ್ನು ಬರೀ ನೀರಿನಲ್ಲಿ ತೊಳೆದು ಮತ್ತೆ ಬೆಳಕು ಬಿಟ್ಟೆ. ಗೆರೆ ಏಳಲೇ ಇಲ್ಲ. ಒಡೆದದ್ದು ನೀರಲ್ಲ, ಸೀಸೆಯ ತಳದಲ್ಲಿ ಉಳಿದಿದ್ದ ಆಲ್ಕೋಹಾಲ್. ಮದ್ಯದ ಮನೆಯಲ್ಲಿ ಹುಟ್ಟಿದವಳಿಗೆ ಅದರ ವಾಸನೆಯೂ ಹತ್ತಲಿಲ್ಲ. ಇಂಥ ಮೂಗು ಇದ್ದರೆಷ್ಟು, ಬಿಟ್ಟರೆಷ್ಟು. ಸೈಕಲ್ ನಿಲ್ಲಿಸುವ ಕಡೆ ಹೋಗಿ ಚೆನ್ನಾಗಿ ಅತ್ತೆ. ಆಮೇಲೆ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

ಅಪ್ಪ ಎಲ್ಲ ಕೇಳಿಸಿಕೊಂಡ.

"ಅಂದ್ರೆ, ತಾತನ ಕಾಲದಿಂದ ನಾವು ನೀರನ್ನ ಮದ್ಯ ಮಾಡಿದ್ವಿ. ನೀನು ಮದ್ಯಾನ ಗಾಳಿ ಮಾಡ್ದೆ."

"ನಗಬೇಡಪ್ಪ. ಮಾರ್ಚ್ ಆದ್ಮೇಲೆ ನಂಗೆ ಕೆಲಸ ಇಲ್ಲ."

"ನಗ್ತಿಲ್ಲ ಕಣೇ. ನನ್ನ ಭುಜ ಮೇಲಕ್ಕೇ ಏಳ್ತಿಲ್ಲ. ಹಂಡೆ ತೊಳೆಯೋಕೆ ಒಬ್ರು ಬೇಕು, ಬಾ."

"ಅಂಗಳದ ಹಂಡೆಗಳಾ?"

"ಹೊಸ್ತಿಲೊಳಗಿನವು," ಎಂದ. "ಬರೀ ನೀರಲ್ಲಿ ತೊಳೀಬೇಕು, ತಿಳೀತಾ?"