ಒಪ್ಪತ್ತಿನ ಗುಳಿಗೆ

"ಗುಳಿಗಿ ಹೆಂಗ ತೊಗೊಂಡ್ರಿ, ಅಜ್ಜಿ? ಹೊತ್ತಿಗೊಂದೋ, ಎಲ್ಲಾ ಕೂಡಿಸೋ?"

ವೈದ್ಯರು ಎರಡನೆಯ ಸಲ ಕೇಳಿದರು. ಶಾಂತಮ್ಮ ಮಗಳ ಕಡೆ ನೋಡದೆ ಹೇಳಿದಳು: "ಚೀಟ್ಯಾಗ ಬರದಂಗಽ ತೊಗೊಂಡೇನ್ರಿ. ದಿನಕ್ಕ ನಾಕ ಸಲ."

ಅನುಜಾ ತಾಯಿಯ ಕಣ್ಣುಗಳನ್ನೇ ನೋಡುತ್ತಿದ್ದಳು. ಬೆಳಿಗ್ಗೆ ಖಾನಾಪುರದಿಂದ ಬೆಳಗಾವಿಯ ಆಸ್ಪತ್ರೆಗೆ ಕರೆತರುವಾಗ ಅಂಚಿನಲ್ಲಷ್ಟೇ ಇದ್ದ ಹಳದಿ ಈಗ ಬಿಳಿಯನ್ನೆಲ್ಲ ತುಂಬಿಕೊಂಡಿತ್ತು.

ಜೈನರ ದಶಲಕ್ಷಣ ಪರ್ವದ ಹತ್ತು ದಿನವೂ ಶಾಂತಮ್ಮನದು ಒಪ್ಪತ್ತು. ಮಧ್ಯಾಹ್ನ ಒಮ್ಮೆ ಉಂಡು ನೀರು ಕುಡಿದು ಎದ್ದರೆ ಮರುದಿನದವರೆಗೆ ಹನಿ ನೀರೂ ಇಲ್ಲ. ಈ ಸಲ ಮೂರನೆಯ ದಿನವೇ ಜ್ವರ ಬಂತು. ಊರಿನ ಡಾಕ್ಟರು ಪ್ಯಾರಾಸಿಟಮಾಲ್ ಬರೆದುಕೊಟ್ಟರು, ದಿನಕ್ಕೆ ನಾಲ್ಕು. ಮೊಣಕಾಲು ನೋವಿನ ಗುಳಿಗೆ ಮೊದಲೇ ಎರಡು ಇದ್ದವು.

ಒಪ್ಪತ್ತಿನಲ್ಲಿ ನಾಲ್ಕು ಸಲ ಗುಳಿಗೆ ಹೇಗೆ ಎಂದು ಕೇಳಲು ತಾಯಿಯ ಫೋನು ಬಂದಾಗ ಅನುಜಾ ತಾನು ಕಲಿಸುವ ಟಿಳಕವಾಡಿಯ ಕಾಲೇಜಿನಲ್ಲಿ, ರಸಾಯನಶಾಸ್ತ್ರದ ತರಗತಿಯ ಬಾಗಿಲಲ್ಲಿ ನಿಂತಿದ್ದಳು. "ಊಟದ ಕೂಡ ಎಲ್ಲಾ ಒಮ್ಮೆ ನುಂಗಿಬಿಡು ಅವ್ವಾ, ಏನೂ ಆಗಂಗಿಲ್ಲ" ಎಂದಿದ್ದಳು. ನೋವಿನ ಗುಳಿಗೆಯಲ್ಲೂ ಅದೇ ಔಷಧವಿದೆಯೇ ಎಂದು ಕೇಳಿರಲಿಲ್ಲ. ಇತ್ತು.

"ಡಾಕ್ಟರ್, ಅವ್ವ ಖರೇ ಹೇಳವಲ್ಲಳು," ಎಂದಳು ಅನುಜಾ. "ಆರೂ ಒಮ್ಮೆಲೆ ತೊಗೊಂಡಾಳ. ಐದು ದಿನ. ಹಂಗ ತೊಗೊ ಅಂತ ನಾನಽ ಹೇಳಿದ್ದೆ."

ತಮ್ಮ ಧನಪಾಲ ಗೋಡೆಯಿಂದ ಬೆನ್ನು ತೆಗೆದ. "ಭಾರಿ ಶಾಣ್ಯಾಕಿ! ಊರ ಹುಡುಗರಿಗೆಲ್ಲಾ ಪಾಠಾ ಹೇಳತಿ, ಹಡದಾಕಿಗಿ ಇದನ್ನ ಹೇಳಿದ್ಯಾ?"

"ಆಕಿಗೇನ ಅಂತೀಯೋ," ಎಂದಳು ಶಾಂತಮ್ಮ. "ನುಂಗಿದಾಕಿ ನಾನು."

ವೈದ್ಯರು ಬರೆಯುತ್ತಲೇ ಹೇಳಿದರು: "ಲಿವರ್ ಈ ಔಷಧ ಒಡದು ಬಹಳಷ್ಟನ್ನ ಮೂತ್ರದಾಗ ಹೊರಗ ಹಾಕತೈತಿ. ಒಂದೀಟು ವಿಷ ಆಗತೈತಿ. ಅದನ್ನ ಹಿಡದು ತಣ್ಣಗ ಮಾಡೂ ವಸ್ತು ಲಿವರಿನಾಗಽ ಇರತೈತಿ. ಉಪಾಸದಾಗ ಅದು ಕಡಿಮಿ. ಹಿಡಿಯಾಕ ಏನೂ ಉಳಿಲಿಲ್ಲಂದ್ರ ವಿಷ ಲಿವರನ್ನಽ ಸುಡತೈತಿ."

ಆ ವಸ್ತುವಿನ ಹೆಸರು ಅನುಜಾಳಿಗೆ ಗೊತ್ತಿತ್ತು. ಪ್ರತಿ ವರ್ಷ ಅದರ ರಚನೆಯನ್ನು ಹಲಗೆಯ ಮೇಲೆ ಬರೆಯುತ್ತಿದ್ದಳು.

"ಮದ್ದು ಸಲಾಯಿನದಾಗ ಹಾಕ್ತೇವಿ. ತಡಾ ಆಗೈತಿ, ನೋಡೂಣು. ದಿನಾ ಮುಂಜಾನೆ ಒಂದ ವಹಿಯೊಳಗ ಅಜ್ಜಿ ಕೈಲೆ ಅವರ ಹೆಸರು ಬರಸ್ರಿ. ಲಿವರ್ ರಕ್ತ ಸ್ವಚ್ಛ ಮಾಡಲಿಲ್ಲಂದ್ರ ಹೊಲಸು ಮೆದುಳಿಗೆ ಏರತೈತಿ. ಮೊದಲ ಅದು ಕೈಬರಹದಾಗ ಕಾಣತೈತಿ."

ಮರುದಿನ ಮುಂಜಾನೆ ಅನುಜಾ ವಹಿ ಹಿಡಿದು ಮಂಚದ ಬಾಜು ಕುಳಿತಳು.

"ಸಾಲಿ ಬಿಟ್ಟು ಐವತ್ತ ವರ್ಷಾತು. ಈಗ ಪರೀಕ್ಷಾ ತೊಗೊಳ್ಳಾಕ ಬಂದಾಳ ನೋಡು ಮಾಸ್ತರಣಿ," ಎಂದು ನಕ್ಕು ಶಾಂತಮ್ಮ ಹೆಸರು ಬರೆದಳು. ಅಕ್ಷರಗಳು ಗೆರೆಯ ಮೇಲೆ ನೆಟ್ಟಗೆ ಕೂತಿದ್ದವು.

ಎರಡನೆಯ ದಿನ ಒತ್ತಕ್ಷರ ಬಿಟ್ಟುಹೋಗಿತ್ತು. "ಕಣ್ಣಿಗಿ ಚಾಳೀಸ ಹಾಕಿಲ್ಲಲ್ಲ, ಅದಕ್ಕ," ಎಂದ ಧನಪಾಲ. ಆಮೇಲೆ ಹೊರಗೆ ಹೋಗಿ ಬಹಳ ಹೊತ್ತು ಒಳಗೆ ಬರಲಿಲ್ಲ.

ಮೂರನೆಯ ಮುಂಜಾನೆ ಶಾಂತಮ್ಮ ಮಗಳನ್ನು ತನ್ನ ಸತ್ತ ತಂಗಿಯ ಹೆಸರಿನಿಂದ ಕರೆದಳು. ಪೆನ್ನು ಕೈಗೆ ಕೊಟ್ಟಾಗ ಮೊದಲ ಅಕ್ಷರದ ಸುತ್ತು ಶುರು ಮಾಡಿದಳು. ಸುತ್ತು ಮುಗಿಯಲಿಲ್ಲ. ಪೆನ್ನು ಅದರ ಮೇಲೆಯೇ ಮತ್ತೆ ಮತ್ತೆ ತಿರುಗಿತು, ದೊಡ್ಡದಾಯಿತು, ಹಾಳೆಯ ಅಂಚು ದಾಟಿ ಬಿಳಿ ಹಾಸಿಗೆಯ ಮೇಲೆ ಹೋಯಿತು.

ಅನುಜಾ ವಹಿಯನ್ನು ಮೆಲ್ಲಗೆ ಸರಿಸಿ, ತಿರುಗುತ್ತಿದ್ದ ಪೆನ್ನಿನ ಕೆಳಗೆ ಹಿಡಿದಳು.