ಇನ್ನೂರ ಹನ್ನೆರಡು ಜನ ನೋಡಿದ ಪುಟ

೧

ಈ ಕಥೆಯನ್ನು ನಾಲ್ಕು ಸಲ ಶುರು ಮಾಡಿದ್ದೇನೆ. ನಾಲ್ಕು ಸಲವೂ ಏನೋ ಒಂದು ಸುಳ್ಳು ನುಸುಳಿತು. ಎಲ್ಲಿಂದ ಶುರು ಮಾಡಲಿ ಎಂದು ನಿಮ್ಮನ್ನೇ ಕೇಳೋಣವೆಂದರೆ ನೀವು ಯಾರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದವರನ್ನು ಕೇಳಲು ನನಗೆ ಸಂಕೋಚ. (ಗೊತ್ತಿರುವವರನ್ನು ಕೇಳಲೂ ಸಂಕೋಚವೇ.)

ಮೊದಲನೆಯದು ಹೀಗಿತ್ತು: “ಯಾರೋ ಹ್ಯಾಕರ್‌ಗಳು ಹೇಮಾಶ್ರೀಯ ವೆಬ್‌ಸೈಟಿನ ಮೇಲೆ ಕಣ್ಣು ಹಾಕಿದ್ದರು.” ಹುಲಿಕೆರೆಯ ಕಲ್ಯಾಣಿ ತೋರಿಸುವ ಹೆಂಗಸಿನ ವೆಬ್‌ಸೈಟಿನ ಮೇಲೆ ಯಾವ ಹ್ಯಾಕರ್ ಕಣ್ಣು ಹಾಕುತ್ತಾನೆ? ಹೊಡೆದು ಹಾಕಿದೆ.

ಎರಡನೆಯದು: “ರಘು ಸರ್ ನನಗೆ ಸರಿಯಾಗಿ ಹೇಳಿಕೊಡಲಿಲ್ಲ.” ರಘು ಸರ್ ನಾನು ಕೆಲಸ ಮಾಡುವ ಅರಸೀಕೆರೆಯ ಕಂಪ್ಯೂಟರ್ ಅಂಗಡಿಯ ಯಜಮಾನರು. ಅವರೂ ಇದನ್ನು ಓದಬಹುದು. ಹೊಡೆದು ಹಾಕಿದೆ.

ಮೂರನೆಯದು ಹೊಯ್ಸಳರಿಂದ ಶುರುವಾಯಿತು. ಹಳೇಬೀಡಿನ ಸುತ್ತ ಯಾರು ಏನು ಬರೆದರೂ ಮೊದಲ ಪುಟ ಅವರಿಗೇ ಹೋಗುತ್ತದೆ. ಈ ಕಥೆಯಲ್ಲಿ ಅವರ ಕೈವಾಡ ಏನೂ ಇಲ್ಲವೆಂದು ಎರಡು ಪುಟ ಆದಮೇಲೆ ಹೊಳೆಯಿತು.

ನಾಲ್ಕನೆಯದರಲ್ಲಿ ಹೇಮಕ್ಕ, ಅಂದರೆ ಆ ಹೇಮಾಶ್ರೀಯೇ, ಕಲ್ಯಾಣಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಅಳುತ್ತಿದ್ದಳು. ಅಲ್ಲಿ ಪಾತ್ರವೇ ಎದ್ದು ಜಗಳಕ್ಕೆ ನಿಂತಿತು. (ನಿಜವಾದ ಹೇಮಕ್ಕ ಅಲ್ಲ. ಅವಳು ಇನ್ನೂ ಓದಿಲ್ಲ.)

“ನಾನ್ಯಾವತ್ತೇ ಅತ್ತಿದ್ದು?”

“ಅತ್ತರೆ ಓದೋರಿಗೆ ಚೆನ್ನಾಗಿರ್ತದೆ ಅಕ್ಕ.”

“ಹಂಗಾದ್ರೆ ನೀನೇ ಅತ್ಕೊ. ತಪ್ಪು ಮಾಡಿದ್ದು ನೀನಲ್ವಾ?”

ಹೀಗೆ ಪಾತ್ರದ ಬಾಯಿಂದಲೇ ಕಥೆ ಹೊರಬಿತ್ತು. ತಪ್ಪು ನನ್ನದು. ಇನ್ನು ಹೇಗೆ ಶುರು ಮಾಡಿದರೂ ಒಂದೇ.

೨

ಹೇಮಕ್ಕ ನಮ್ಮ ಅತ್ತಿಗೆಯ ತವರಿನ ಕಡೆಯವಳು. ಹುಲಿಕೆರೆಗೆ ಸೊಸೆಯಾಗಿ ಬಂದವಳು. ಬಂದವರಿಗೆ ಕಲ್ಯಾಣಿ ತೋರಿಸಿ, ಹೊಲದ ದಾರಿಯಲ್ಲಿ ಹಳೇಬೀಡಿನವರೆಗೆ ನಡೆಸಿಕೊಂಡು ಹೋಗಿ, ನಡುವೆ ಮನೆಯಲ್ಲಿ ರೊಟ್ಟಿ ಊಟ ಹಾಕುವುದು ಅವಳ ಯೋಚನೆ. ಅವಳು ಮಾತಾಡಿದರೆ ಕೇಳಬೇಕು. ನಾನು ಎರಡು ಸಲ ಹಿಂದೆ ಹಿಂದೆ ನಡೆದು ಕೇಳಿದ್ದೇನೆ. ಒಂದು ಕಲ್ಲಿನ ಬಗ್ಗೆ ಹೇಳುತ್ತಾ ಯಾರದೋ ಅತ್ತೆಯನ್ನು ಎಳೆದು ತಂದು, ಮತ್ತೆ ಕಲ್ಲಿಗೇ ಬರುತ್ತಾಳೆ.

ಅವಳಿಗೊಂದು ವೆಬ್‌ಸೈಟ್ ಬೇಕಿತ್ತು. ನಾನು ಮಾಡಿಕೊಡುತ್ತೇನೆ ಎಂದೆ. ಅಷ್ಟು ಜೋರಾಗಿ ನಾನು ಅದುವರೆಗೆ ಏನನ್ನೂ ಹೇಳಿರಲಿಲ್ಲ.

(ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ವೆಬ್‌ಸೈಟ್ ಹೇಗೆ ಮಾಡಿದಳು ಎಂದು ಕೇಳಬೇಡಿ. ಹಿಂದೆ ನಿಂತು ನೋಡಿದೆ. ಅಂಗಡಿಗೆ ಬಂದವರು ಮಾತಾಡುವಾಗ ನಾನು ಮಾತಾಡುವುದಿಲ್ಲ, ನೋಡುತ್ತೇನೆ.)

ಸೈಟು ಮಾಡಿ ನಾಲ್ಕು ತಿಂಗಳಾಯಿತು. ಒಬ್ಬರೂ ಬುಕ್ ಮಾಡಲಿಲ್ಲ. ಹದಿನೈದು ದಿನದ ಹಿಂದೆ ಹೇಮಕ್ಕ ಅಂಗಡಿಗೆ ಬಂದು, ಸೈಟಿನಲ್ಲೇ ಏನಾದರೂ ತೊಂದರೆ ಇದೆಯಾ ನೋಡು ಎಂದಳು. ನಾನು ಅವಳ ಎದುರಿಗೇ ತೆರೆದೆ. ಪಟ್ಟನೆ ತೆರೆಯಿತು. ಎಷ್ಟು ಸಲ ನೋಡಿದ್ದಾರೆಂಬ ಲೆಕ್ಕವನ್ನೂ ತೋರಿಸಿದೆ. ಆಮೇಲೆ ಈ ಮಾತು ಹೇಳಿದೆ. ಇದನ್ನು ಬದಲಾಯಿಸಿ ಬರೆಯಲು ಬಹಳ ಆಸೆಯಿದೆ, ಬದಲಾಯಿಸುವುದಿಲ್ಲ.

“ಸೈಟ್ ಸರಿಯಾಗೈತೆ ಅಕ್ಕ. ಇನ್ನೂರ ಹನ್ನೆರಡು ಜನ ನೋಡವ್ರೆ.”

ಅವಳು ಪರದೆಯ ಮೇಲಿದ್ದ ತನ್ನ ಫೋಟೋವನ್ನು ನೋಡಿದಳು.

“ನೋಡಿ ಬ್ಯಾಡ ಅಂದವ್ರೆ ಅನ್ನು.”

ಮಾರನೇ ದಿನ ಹೋಗಿ ಅರಸೀಕೆರೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೆಸರು ಕೊಟ್ಟು ಬಂದಳು. ಎರಡು ವಾರ ಬಿಟ್ಟು ಬರುವ ಸೋಮವಾರದಿಂದ ಕೆಲಸಕ್ಕೆ ಸೇರಬೇಕಿತ್ತು. ಸೇರಿದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಮಿಷನ್ನಿನ ಮುಂದೆ. ಕಲ್ಲೂ ಇಲ್ಲ, ಮಾತೂ ಇಲ್ಲ.

೩

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಬರುತ್ತದೆ. ಹಾರಿಸಿ ಓದಬೇಡಿ, ನಾನು ಹಾರಿಸಿದ್ದರಿಂದಲೇ ಇಷ್ಟೆಲ್ಲ ಆಗಿದ್ದು.

ವೆಬ್‌ಸೈಟ್ ಇರುವುದು ಕ್ಲೌಡ್‌ನಲ್ಲಿ. ಅಂದರೆ ಎಲ್ಲೋ ದೂರದಲ್ಲಿ ನಾವು ಬಾಡಿಗೆಗೆ ಹಿಡಿದ ಕಂಪ್ಯೂಟರಿನಲ್ಲಿ. ಅದಕ್ಕೆ ಮೂರು ಬಾಗಿಲು. ಎಂಬತ್ತು ಮತ್ತು ನಾನೂರ ನಲವತ್ಮೂರು ಎಂಬ ನಂಬರಿನವು ನೋಡಲು ಬರುವವರಿಗೆ. ಇಪ್ಪತ್ತೆರಡು ಎಂಬುದು ರಿಪೇರಿ ಮಾಡುವವರಿಗೆ, ಅಂದರೆ ನನಗೆ. ಯಾವ ಬಾಗಿಲಲ್ಲಿ ಯಾರನ್ನು ಬಿಡಬೇಕು ಎಂದು ಬರೆದಿಟ್ಟ ನಿಯಮಗಳ ಪಟ್ಟಿಯೇ ಫೈರ್‌ವಾಲ್.

ರಿಪೇರಿ ಬಾಗಿಲಿಗೆ ಯಾವಾಗಲೂ “ಮೈ ಐಪಿ” ಅಂತಲೇ ಆರಿಸಬೇಕು, ಇಲ್ಲದಿದ್ದರೆ ಪ್ರಪಂಚದ ಕಳ್ಳರೆಲ್ಲ ಬಂದು ತಟ್ಟುತ್ತಾರೆ ಎಂದು ರಘು ಸರ್ ಹೇಳಿಕೊಟ್ಟಿದ್ದರು. ಮೈ ಐಪಿ ಎಂದರೆ ನಾವು ಕೂತ ಜಾಗದ ಇಂಟರ್ನೆಟ್ ವಿಳಾಸ. ಅದನ್ನು ಆರಿಸಿದರೆ ಆ ಜಾಗದಿಂದ ಬಂದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: “ಯಾವಾಗಲೂ ಮೈ ಐಪಿ.” ಕೆಳಗೆ ಎರಡು ಗೆರೆ ಎಳೆದೆ. ಮೂರೂ ಬಾಗಿಲಿಗೆ ಅದನ್ನೇ ಹಾಕಿದೆ. ಒಳ್ಳೆಯ ವಿದ್ಯಾರ್ಥಿನಿ. ಸ್ಕೂಲಿನಲ್ಲಿ ಇಷ್ಟು ಚೆನ್ನಾಗಿ ಹೇಳಿದ ಮಾತು ಕೇಳಿದ್ದರೆ ಹತ್ತನೇ ಕ್ಲಾಸಾದರೂ ದಾಟುತ್ತಿದ್ದೆ.

ಹೀಗಾಗಿ ಹೇಮಕ್ಕನ ಪುಟ ಇಡೀ ಭೂಮಿಯ ಮೇಲೆ ಒಂದೇ ಕಡೆ ತೆರೆಯುತ್ತಿತ್ತು. ಅರಸೀಕೆರೆಯ ನಮ್ಮ ಅಂಗಡಿಯಲ್ಲಿ. ಪರೀಕ್ಷೆ ಮಾಡಿದ್ದೆಲ್ಲ ಅಲ್ಲೇ. ನನ್ನ ಫೋನೂ ಅಂಗಡಿಯ ವೈಫೈಯಲ್ಲೇ.

೪

ನಾಲ್ಕು ತಿಂಗಳು ಒಬ್ಬರಾದರೂ “ನಿನ್ನ ಸೈಟು ತೆರೆಯಲಿಲ್ಲ” ಎನ್ನಲಿಲ್ಲವೇ ಎಂದು ನೀವು ಕೇಳಬೇಕು. ಕೇಳದಿದ್ದರೆ ನೀವು ನಮ್ಮ ಕಡೆಯವರೇ.

ನಮ್ಮಲ್ಲಿ ಯಾರಾದರೂ ಕಷ್ಟಪಟ್ಟು ಮಾಡಿದ್ದನ್ನು ತೋರಿಸಿದರೆ “ನೋಡ್ದೆ, ಚೆನ್ನಾಗೈತೆ” ಎನ್ನುತ್ತಾರೆ. ಮದುವೆ ಕಾಗದಕ್ಕೂ ಅದೇ, ಮನೆಯ ಬಣ್ಣಕ್ಕೂ ಅದೇ. ತೆರೆಯಲಿಲ್ಲ ಎಂದರೆ ಮಾಡಿದವರಿಗೆ ಬೇಜಾರು, ಜೊತೆಗೆ ತಮ್ಮ ಫೋನಿಗೆ ಅವಮಾನ. ಹೇಮಕ್ಕ ವಿಳಾಸ ಕಳಿಸಿದವರೆಲ್ಲ ನೋಡಿದೆ ಎಂದರು, ಚೆನ್ನಾಗಿದೆ ಎಂದರು. ಹಳೇಬೀಡಿನ ಬಸ್‌ಸ್ಟ್ಯಾಂಡಿನ ಹೋಟೆಲಿನವರು ಬಣ್ಣವನ್ನು ಹೊಗಳಿದರು. ಅವಳ ಮಾವ ಜವರಯ್ಯನವರು ಎಲ್ಲರಿಗಿಂತ ಮೊದಲು ನೋಡಿದ್ದರು. ಅವರದು ಬಟನ್ ಫೋನು.

೫

ಕಳೆದ ಶುಕ್ರವಾರ ಸಂಜೆ ಊರಿಗೆ ಹೋಗುವ ಬಸ್ಸಿನಲ್ಲಿ, ಜಾವಗಲ್ ದಾಟಿದ ಮೇಲೆ, ಹೇಮಕ್ಕನ ಫೋಟೋ ನೋಡೋಣವೆನಿಸಿ ಪುಟ ತೆರೆದೆ. ಸುತ್ತುತ್ತಲೇ ಇತ್ತು. ಸಿಗ್ನಲ್ ಇಲ್ಲ ಎಂದುಕೊಂಡೆ. ಪಕ್ಕದ ಸೀಟಿನ ಹೆಂಗಸು ಫೋನಿನಲ್ಲಿ ಧಾರಾವಾಹಿ ನೋಡುತ್ತಿದ್ದರು, ಒಂದು ಕಡೆಯೂ ನಿಲ್ಲಲಿಲ್ಲ.

ಬಾಗಿಲಲ್ಲಿ ಯಾರೂ ಇಲ್ಲದಿದ್ದರೆ ಸರ್ವರು, ಅಂದರೆ ಆ ಬಾಡಿಗೆ ಕಂಪ್ಯೂಟರು, ಕೂಡಲೇ ಆಗುವುದಿಲ್ಲ ಎನ್ನುತ್ತದೆ. ಫೈರ್‌ವಾಲ್ ಹಾಗಲ್ಲ. ಅದು ಬೇಡವೆನ್ನುವುದಿಲ್ಲ, ಬಾ ಎನ್ನುವುದೂ ಇಲ್ಲ. ಸುಮ್ಮನಿರುತ್ತದೆ. ಬಂದವರು ಕಾದು ಕಾದು ಹೋಗುತ್ತಾರೆ. ಇಂಥದ್ದು ನನಗೆ ಮೊದಲೇ ಅರ್ಥವಾಗಬೇಕಿತ್ತು, ಮನೆಗೆ ನೆಂಟರು ಬಂದಾಗ ನಾನೂ ಇದನ್ನೇ ಮಾಡುವುದು.

ಶನಿವಾರ ಅಂಗಡಿಯಲ್ಲಿ ರಘು ಸರ್‌ಗೆ ಹೇಳಿದೆ. ಅವರು ತಮ್ಮ ಕಂಪ್ಯೂಟರಿನಲ್ಲಿ ತೆರೆದರು, ತೆರೆಯಿತು. “ಸೂಪರಾಗಿ ಓಪನ್ ಆಗ್ತಿದೆಯಲ್ಲಮ್ಮ” ಎಂದರು. ಬೇಕಿದ್ದರೆ ಒಂದು ಸಲ ಆಫ್ ಮಾಡಿ ಆನ್ ಮಾಡು ಎಂದರು. ಮಾಡಿದೆ. ಫೋನಿನ ವೈಫೈ ತೆಗೆದು ಡೇಟಾದಲ್ಲಿ ನೋಡಿದೆ. ಸುತ್ತಿತು. ವೈಫೈ ಹಾಕಿದೆ. ತೆರೆಯಿತು. ಹೀಗೆ ಆರು ಸಲ. ಏಳನೇ ಸಲಕ್ಕೆ ಫೋನು ಕೆಳಗಿಟ್ಟೆ.

ನಿಯಮಗಳ ಪಟ್ಟಿ ತೆಗೆದೆ. ಮೂರು ಸಾಲು. ಮೂರರ ಕೊನೆಯಲ್ಲೂ ಒಂದೇ ವಿಳಾಸ. ಅದು ಯಾರದೆಂದು ಹುಡುಕಬೇಕಾಗಿರಲಿಲ್ಲ, ನಮ್ಮ ರೌಟರಿನ ಮೇಲೆ ಅಂಟಿಸಿದ ಚೀಟಿಯಲ್ಲಿ ನನ್ನದೇ ಅಕ್ಷರದಲ್ಲಿತ್ತು. ಆ ವಿಳಾಸ ಬದಲಾಗದಂತೆ ರಘು ಸರ್ ಮೊದಲೇ ಮಾಡಿಸಿದ್ದರು. ಬದಲಾಗಿದ್ದರೆ ಸೈಟು ನಮ್ಮಲ್ಲೂ ನಿಂತು ಹೋಗಿ, ತಪ್ಪು ಮೊದಲ ವಾರದಲ್ಲೇ ಸಿಕ್ಕಿಬೀಳುತ್ತಿತ್ತು.

ಎಂಬತ್ತನೇ ಬಾಗಿಲಿಗೆ “ಎಲ್ಲರೂ” ಎಂದು ಹಾಕಿದೆ. ಆಗಲೂ ಸುತ್ತಿತು. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಎಂಬತ್ತಕ್ಕೆ ಬಂದವರನ್ನು ನಾನೂರ ನಲವತ್ಮೂರಕ್ಕೆ ಹೋಗಿ ಎಂದು ಕಳಿಸುವಂತೆ ಮಾಡಿದ್ದವಳೂ ನಾನೇ. ಆ ಬಾಗಿಲಿಗೂ “ಎಲ್ಲರೂ” ಎಂದು ಹಾಕಿದೆ. ರಿಪೇರಿ ಬಾಗಿಲು ಮಾತ್ರ ಇದ್ದಂತೆಯೇ ಬಿಟ್ಟೆ. ಫೋನಿನ ಡೇಟಾದಲ್ಲಿ ಪುಟ ತೆರೆಯಿತು.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಯಾರು ಯಾರು ನೋಡಿದ್ದಾರೆಂಬ ದಾಖಲೆಯನ್ನೂ ತೆಗೆದೆ. ಹೇಮಕ್ಕನಿಗೆ ಲೆಕ್ಕ ತೋರಿಸಿದ ದಿನದವರೆಗೆ ಇನ್ನೂರ ಹನ್ನೆರಡು ಸಾಲು. ಎಲ್ಲದರಲ್ಲೂ ರೌಟರ್ ಚೀಟಿಯ ವಿಳಾಸವೇ. ದಿನಾ ಬೆಳಿಗ್ಗೆ ಅಂಗಡಿಯ ಕಸ ಗುಡಿಸಿದ ಮೇಲೆ ಒಂದು ಸಲ, ಊಟವಾದ ಮೇಲೆ ಒಂದು ಸಲ ಸೈಟು ಚೆನ್ನಾಗಿದೆಯಾ ಎಂದು ನೋಡುವ ಅಭ್ಯಾಸ ನನಗೆ.

ಆ ಇನ್ನೂರ ಹನ್ನೆರಡು ಜನ ನಾನು.

೬

ಈಗ ಮುಕ್ತಾಯಗಳು. ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ ಎನ್ನುವುದು ಇಂಥ ಕಥೆಗಳ ಪದ್ಧತಿಯಂತೆ.

(ಕ) ನಾನು ಏನೂ ಹೇಳುವುದಿಲ್ಲ. ಭಾನುವಾರ ಬುಕಿಂಗ್ ಬರುತ್ತದೆ, ಹೇಮಕ್ಕ ಗಾರ್ಮೆಂಟ್ಸ್ ಬಿಡುತ್ತಾಳೆ, ನನಗೆ ಸೀರೆ ಕೊಡಿಸುತ್ತಾಳೆ. ನನಗೆ ಬಹಳ ಇಷ್ಟವಾದದ್ದು ಇದೇ, ಆದ್ದರಿಂದ ಇದು ಬೇಡ.

(ಖ) ಎಲ್ಲವನ್ನೂ ವಿವರಿಸಿ ಮೆಸೇಜ್ ಕಳಿಸುತ್ತೇನೆ. ಇದನ್ನು ನಿಜವಾಗಿಯೂ ಟೈಪ್ ಮಾಡಿದೆ. “ಸರ್ವರ್‌ನಲ್ಲಿ ಚಿಕ್ಕ ಸಮಸ್ಯೆ ಇತ್ತು” ಎಂದು ಶುರುವಾಗಿತ್ತು. ಸರ್ವರ್‌ನಲ್ಲಿ ಏನೂ ಸಮಸ್ಯೆ ಇರಲಿಲ್ಲ. ಅಳಿಸಿದೆ.

(ಗ) ಇಲ್ಲ. ಚಪ್ಪಲಿ ಹಾಕಿಕೊಂಡು ಹೊರಟೆ.

೭

ಭಾನುವಾರ ಹುಲಿಕೆರೆಯಲ್ಲಿ ಹೇಮಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಎದುರಿಗೆ ಕೂತು ನಾಲ್ಕು ಕಾಯಿ ಸುಲಿದು, ಐದನೆಯದು ಕೈಯಲ್ಲಿರುವಾಗಲೇ ಒಂದೇ ಉಸಿರಿಗೆ ಹೇಳಿದೆ. ಬಾಗಿಲು, ನಿಯಮ, ಇನ್ನೂರ ಹನ್ನೆರಡು, ಎಲ್ಲ. ಯಾರೂ ನಿನ್ನನ್ನು ಬೇಡ ಎಂದಿಲ್ಲ, ಯಾರೂ ನೋಡಿಯೇ ಇಲ್ಲ ಎಂದೆ.

ಅವಳು ಕೈಯಲ್ಲಿದ್ದ ಕಾಯಿ ಸುಲಿದು ಸಿಪ್ಪೆ ಪಕ್ಕಕ್ಕೆ ಹಾಕಿದಳು.

“ನನ್ ಫೋನಲ್ಲೂ ತೆಗೀತಿರ್ಲಿಲ್ಲ ಕಣೇ ಸುಷ್ಮಿ.”

“ಮತ್ತೆ ಚೆನ್ನಾಗೈತೆ ಅಂದ್ಯಲ್ಲಕ್ಕ?”

“ನೀನು ಆಸೆಯಿಂದ ಮಾಡಿದ್ದೆ. ನನ್ ಫೋನೇ ಹಳೇದು ಅಂದ್ಕಂಡೆ. ನಿಂಗೆ ಹೆಂಗ್ ಹೇಳಾದು?”

ಒಳಗಿನಿಂದ ಜವರಯ್ಯನವರು, ತಾನಂತೂ ನೋಡಿದ್ದು ನಿಜ, ಫೋಟೋ ಚೆನ್ನಾಗಿತ್ತು ಎಂದರು. ಹೇಮಕ್ಕ ನಕ್ಕಳು. ನಾನೂ ನಗಲು ಹೊರಟೆ. ಅಷ್ಟರಲ್ಲಿ ಅವಳು ನಗು ನಿಲ್ಲಿಸಿದಳು.

“ಹದಿನೈದು ದಿನ ಕಣೇ. ತಲೆ ಬಾಚ್ಕಳಕ್ಕೆ ಕನ್ನಡಿ ಮುಂದೆ ನಿಂತ್ರೆ ಆ ಇನ್ನೂರ ಹನ್ನೆರಡು ಜನ ನೆಪ್ಪಾಗೋರು.”

ಇದಕ್ಕೆ ಉತ್ತರ ಬರೆಯಲು ಮೂರು ಸಲ ಪ್ರಯತ್ನಿಸಿದೆ. ಮೂರನ್ನೂ ಹೊಡೆದು ಹಾಕಿದೆ.

ಆಮೇಲೆ ಅವಳು ಕೈ ಒರೆಸಿಕೊಂಡು ತನ್ನ ಫೋನಿನಲ್ಲಿ ಪುಟ ತೆರೆದಳು. ನಿಧಾನವಾಗಿ ಮೇಲಿನಿಂದ ಕೆಳಗೆ ಬಂತು. ತನ್ನ ಬಗ್ಗೆ ನಾನು ಬರೆದದ್ದನ್ನೆಲ್ಲ ತುಟಿ ಅಲ್ಲಾಡಿಸಿಕೊಂಡು ಓದಿದಳು. ಇನ್ನೊಬ್ಬರ ಬಗ್ಗೆ ಓದಿದಂತೆ ಓದಿದಳು. ಎರಡನೇ ಫೋಟೋದಲ್ಲಿ ಕಣ್ಣು ಮುಚ್ಚಿದೆ, ಇದನ್ನು ತೆಗೆ ಎಂದಳು. ತೆಗೆಯುತ್ತೇನೆ ಎಂದೆ. ಇದನ್ನೆಲ್ಲ ಕಥೆ ಬರೆಯುತ್ತೇನೆ ಎಂದೂ ಹೇಳಿಬಿಟ್ಟೆ.

“ಬರಿ. ಸೋಮವಾರದ್ದು ಬರೀಬ್ಯಾಡ.”

“ಯಾಕಕ್ಕ?”

“ಗಾರ್ಮೆಂಟ್ಸಿಗೆ ಹೋದ್ರೆ ಪಾಪ ಅನ್ನೋ ಹಂಗೆ ಬರೀತೀಯ. ಹೋಗ್ದಿದ್ರೆ ಗೆದ್ಬುಟ್ಲು ಅಂತ ಬರೀತೀಯ. ಎಲ್ಡೂ ನಂದಲ್ಲ.”

ಬರೆಯುವುದಿಲ್ಲ ಎಂದು ಮಾತು ಕೊಟ್ಟೆ.

೮

ಸೋಮವಾರ. ನಮ್ಮೂರು ಮಾದಿಹಳ್ಳಿಯಿಂದ ಹಳೇಬೀಡಿಗೆ ಬಂದು ಏಳೂಕಾಲರ ಅರಸೀಕೆರೆ ಬಸ್ಸು ಹತ್ತಿದೆ. ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಊಟದ ಚೀಲ ಹಿಡಿದು ಒಬ್ಬೊಬ್ಬರೇ ಹತ್ತಿದರು. ನನಗೆ ಕಿಟಕಿ ಪಕ್ಕದ ಜಾಗ ಸಿಕ್ಕಿತ್ತು. ಹುಲಿಕೆರೆ ಕಡೆಯಿಂದ ಬರುವ ದಾರಿ ಅಲ್ಲಿಂದ ಪೂರ್ತಿ ಕಾಣುತ್ತದೆ.

ನೋಡಿದೆ. ನೋಡುವುದೊಂದು ನನಗೆ ಚೆನ್ನಾಗಿ ಬರುತ್ತದೆ.

ನಿಮಗೆ ಸಿಟ್ಟು ಬರಬಹುದು. ಇಷ್ಟು ಓದಿಸಿ ಕೊನೆಯಲ್ಲಿ ಹೀಗೆ ಮಾಡಿದಳಲ್ಲ ಎನ್ನಬಹುದು. ಅವಳು ಬಂದದ್ದು, ಬಾರದ್ದು, ಎರಡು ಮುಕ್ತಾಯವೂ ನನ್ನ ನೋಟ್‌ಬುಕ್ಕಿನಲ್ಲಿವೆ, ಒಂದು ನಡೆದದ್ದು, ಒಂದು ನಡೆಯದ್ದು. ಎರಡೂ ಚೆನ್ನಾಗಿ ಬಂದಿವೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಚೆನ್ನಾಗಿವೆ. ಮಾತು ಕೊಟ್ಟಿದ್ದೇನೆ, ತೋರಿಸುವುದಿಲ್ಲ.

ಕಂಡಕ್ಟರ್ ಸೀಟಿ ಊದಿದರು. ಬಸ್ಸು ಹೊರಟಿತು. ನನ್ನ ಪಕ್ಕದ ಸೀಟಿನ ಬಗ್ಗೆ ಕೇಳಬೇಡಿ.